ಚೆಂಡಿನ ಮೇಲೆ ರೇಖಾಂಶ

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಮಳವಳ್ಳಿಯ ಫಿಸಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿಸಿ ಅಂದರು. ಅಪ್ಪ ಅದನ್ನು ಹಿಸುಕಲೇ ಇಲ್ಲ. ಮಡಿಲಲ್ಲಿಟ್ಟುಕೊಂಡು ಗ್ಲೋಬಿನ ಹಾಗೆ ಸುಮ್ಮನೆ ತಿರುಗಿಸುತ್ತಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ಹೇಳಿ ನಿವೃತ್ತರಾದ ಮೇಷ್ಟ್ರು ಅವರು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾನು ನಕ್ಕಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಮುದ್ದೆ ಮುರಿಯದೆ, ಎಡಗೈ ಉಗುರಿನಲ್ಲಿ ಅದರ ನೆತ್ತಿಯಿಂದ ಕೆಳಕ್ಕೆ ಗೀರತೊಡಗಿದರು. ನಮ್ಮ ಕಡೆ ಉಣ್ಣುವಾಗ ಯಾರಾದರೂ ಬಂದರೆ ಮುದ್ದೆಗೆ ಗೀರು ಹಾಕಿ ಪಾಲು ಮಾಡುವುದುಂಟು. ಅವ್ವ ಹಾಗೇ ತಿಳಿದಳು.

"ಯಾರ್ಗೂ ಪಾಲು ಆಕ್ಬೇಕಾಗಿಲ್ಲ, ಎಲ್ಲಾ ನಿಮ್ದೇಯ, ಉಣ್ಣಿ" ಅಂದಳು.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಕಣ್ಣಲ್ಲಿ ನೀರು. ಗೀರುಗಳೆಲ್ಲ ನೆತ್ತಿಯಲ್ಲೇ ಹುಟ್ಟಿದ್ದವು, ಕಿತ್ತಳೆ ತೊಳೆಗಳ ಹಾಗೆ. ಅವರು ಎಳೆಯುತ್ತಿದ್ದದ್ದು ರೇಖಾಂಶ ಅಂತ ನನಗೆ ಆಗ ಹೊಳೆಯಿತು.

ಊಟವಾದ ಮೇಲೆ ಚೆಂಡಿಗೆ ಮೇಲೊಂದು, ಕೆಳಗೊಂದು ಚುಕ್ಕಿ ಇಟ್ಟೆ. ಅವೇ ಧ್ರುವಗಳು. ನಡುವಿಗೆ ರಬ್ಬರ್ ಬ್ಯಾಂಡ್ ತೊಡಿಸಿ ಭೂಮಧ್ಯರೇಖೆ ಮಾಡಿದೆ, ಅದರುದ್ದಕ್ಕೂ ಸಮದೂರದಲ್ಲಿ ಗುರುತು ಹಾಕಿದೆ. ಇನ್ನು ಮೇಲಿನ ಚುಕ್ಕಿಯಿಂದ ಹೊರಟು, ಒಂದು ಗುರುತು ದಾಟಿ, ಕೆಳಗಿನ ಚುಕ್ಕಿಗೆ ಬಂದು ಸೇರಿದರೆ ಮುಗಿಯಿತು. ಅಪ್ಪನ ಎಡಗೈಗೆ ಸ್ಕೆಚ್ ಪೆನ್ ಕೊಟ್ಟು ಚೆಂಡನ್ನು ನಾನೇ ಹಿಡಿದುಕೊಂಡೆ. ಗೆರೆ ನಡುವಿನ ತನಕ ನೆಟ್ಟಗೆ ಬಂದು ಆಮೇಲೆ ಎತ್ತಲೋ ಜಾರಿತು. ಒರೆಸಿ ಕೊಟ್ಟೆ, ಮತ್ತೆ ಜಾರಿತು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಸಿಟ್ಟು ಮಾಡಲಿ? ಚೆಂಡಿನ ಮೇಲೋ, ಅವರ ಕೈಯ ಮೇಲೋ?

ಕೊನೆಗೆ ಅಪ್ಪ ಪೆನ್ನು ನನ್ನ ಕಡೆ ನೂಕಿದರು. "ನೀನೇ ಎಳಿ" ಅಂದರು, ತೊದಲುತ್ತ.

ನಾನು ಎಳೆದೆ. ನನ್ನ ಗೆರೆಯೂ ಕೆಳಗಿನ ಚುಕ್ಕಿಯಿಂದ ಒಂದು ಬೆರಳು ಆಚೆಗೆ ಹೋಯಿತು. ಧ್ರುವ ಮುಟ್ಟದ ರೇಖಾಂಶವನ್ನು ಅಪ್ಪ ಕ್ಲಾಸಿನಲ್ಲಿ ಯಾವತ್ತೂ ಒಪ್ಪಿದವರಲ್ಲ. ಮಗಳೆಂದು ನೋಡದೆ ನನ್ನನ್ನೂ ಬೋರ್ಡಿನ ಮುಂದೆ ನಿಲ್ಲಿಸಿ ತಿದ್ದಿಸಿದವರು. ಬೈಯುತ್ತಾರೆ ಅಂತ ಕಾದೆ. ನಿಜ ಹೇಳಬೇಕೆಂದರೆ, ಬೈಯಲಿ ಅಂತ ಆಸೆಪಟ್ಟೆ.

ಅಪ್ಪ ಚೆಂಡು ತಿರುಗಿಸಿ, ಗೆರೆಯ ಮೇಲೆ ನಿಧಾನಕ್ಕೆ ಬೆರಳಾಡಿಸುತ್ತ ಅದರ ತುದಿಗೆ ಬಂದರು. ಚುಕ್ಕಿ ಪಕ್ಕದಲ್ಲೇ ಇತ್ತು.

"ಸರ್ಯಾಗೈತೆ ಕಣಮ್ಮ" ಅಂದರು.

ಅವರಿಗೆ ಕಾಣಲಿಲ್ಲವೋ, ಕಂಡೂ ಸಾಕೆನಿಸಿತೋ. ನಾನು ಮತ್ತೆ ಮೇಲಿನ ಚುಕ್ಕಿಗೆ ಪೆನ್ನು ಇಟ್ಟೆ.