ವಾಕರ್ ಅವರ ಹೆಸರಿನ ಅರ್ಥ

ಸಿಡ್ನಿಯ ಪಶ್ಚಿಮ ಭಾಗದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಅದು ನನ್ನ ಎರಡನೇ ವರ್ಷ. ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಸುವ ರಿಹ್ಯಾಬ್ ವಾರ್ಡಿನ ಕೆಲಸ. ಅಲ್ಲಿಗೆ ಬಂದವರು ಎಪ್ಪತ್ತೆಂಟು ವರ್ಷದ ವಾಕರ್. ಎಡಗಾಲಿನಲ್ಲಿ ಶಕ್ತಿ ಇರಲಿಲ್ಲ. ಮೆಲ್ಬರ್ನ್‌ನಲ್ಲಿರುವ ಮಗಳು ಹೆಲೆನ್ ಮನೆಯ ಬಾಗಿಲಿಗೆ ನಾಲ್ಕು ಮೆಟ್ಟಿಲು. ಮೂರು ವಾರದೊಳಗೆ ಅಷ್ಟು ಹತ್ತಿದರೆ ಅಲ್ಲಿಗೆ, ಇಲ್ಲದಿದ್ದರೆ ವೃದ್ಧರ ಆರೈಕೆ ಕೇಂದ್ರಕ್ಕೆ ಎಂದು ವೈದ್ಯರು ಹೇಳಿದ್ದರು.

ಮೊದಲ ದಿನ, ಹಿಡಿದು ನಡೆಯುವ ನಾಲ್ಕು ಕಾಲಿನ ಸ್ಟ್ಯಾಂಡನ್ನು ಅವರ ಮುಂದಿಟ್ಟೆ. ಅದಕ್ಕೂ ವಾಕರ್ ಎಂದೇ ಹೆಸರು. "ನಿಮ್ಮ ಹೆಸರಿನವನೇ ಒಬ್ಬ ಬಂದಿದ್ದಾನೆ ನೋಡಿ," ಎಂದು ನಕ್ಕೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡು ದಿನ ಏಳಲೇ ಇಲ್ಲ.

ವಾರ್ಡಿನ ನರ್ಸ್, ಮಂಡ್ಯದ ಶೈಲಕ್ಕ, ನನ್ನನ್ನು ಕಾರಿಡಾರ್‌ನಲ್ಲಿ ತಡೆದರು. "ಏನಮ್ಮಾ ಸವಿತಾ, ಆ ಅಂಕಲ್‌ಗೆ ಏನಂದೆ? ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ರಂತೆ. ಬೀದಿ ಬೀದಿ ನಡೆದವ್ರು ಕಣೆ. ಫಸ್ಟ್ ಹೋಗಿ ಸಾರಿ ಕೇಳು."

ಹೋಗಿ ಕೇಳಿದೆ. ಅವರು ನನ್ನ ಕಡೆ ತಿರುಗಿದರು. "ಅಂಚೆ ಹಂಚುತ್ತಿದ್ದಾಗ ಜನ ನನ್ನ ಹೆಸರು ಹಿಡಿದು ಹಾಗೆ ತಮಾಷೆ ಮಾಡಿದರೆ ನನಗೆ ಜಂಬ ಬರುತ್ತಿತ್ತು," ಎಂದರು. ಆಮೇಲೆ ತಾವೇ ಮುಂದುವರಿಸಿದರು. "ಅಷ್ಟಕ್ಕೂ ವಾಕರ್ ಅಂದರೆ ನಡೆಯುವವನಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ಉಣ್ಣೆಬಟ್ಟೆಯನ್ನು ನೀರಿನ ತೊಟ್ಟಿಗೆ ಹಾಕಿ, ತುಳಿದು ದಪ್ಪ ಮಾಡುತ್ತಿದ್ದವರ ಹೆಸರು ಅದು. ಅದೇ ಕೆಲಸದವರು ದಕ್ಷಿಣದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ಕ್ರಿಕೆಟ್ ಆಡಿದ ವಾಕರ್‌ಗಳಿದ್ದಾರೆ, ಪುಸ್ತಕ ಬರೆದವರಿದ್ದಾರೆ. ಅವರ ಹಿರಿಯರೆಲ್ಲ ನಿಂತಲ್ಲೇ ತುಳಿದವರು."

"ಹಾಗಾದರೆ ಈಗ ನಡೆಯುವುದು ಬೇಡ. ನಿಂತಲ್ಲೇ ತುಳಿಯೋಣ," ಎಂದೆ. ಹೆಜ್ಜೆ ಇಡುವ ಮೊದಲು ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬಿಡಲು ಕಲಿಯಬೇಕು. ಆತುರದಲ್ಲಿ ನಾನು ಆ ಹಂತವನ್ನೇ ಬಿಟ್ಟಿದ್ದೆ. ಅವರು ನನ್ನ ಮುಖ ನೋಡಿ ಕೈ ಚಾಚಿದರು.

ಎಂಟು ದಿನ ಅಷ್ಟೇ ಮಾಡಿದೆವು. ಮೂರನೇ ವಾರದ ಕೊನೆಗೆ ಕಂಬಿ ಹಿಡಿದು ಮೂರು ಮೆಟ್ಟಿಲು ಹತ್ತಿದರು. ನಾಲ್ಕನೆಯದಕ್ಕೆ ಕಾಲು ನಡುಗಿತು, ಕೆಳಗಿಳಿಸಿದೆ. ನೋಡುತ್ತ ನಿಂತಿದ್ದ ಹೆಲೆನ್ ವೈದ್ಯರಿಗೆ, "ನಾಲ್ಕನೆಯದಕ್ಕೆ ನಾನಿದ್ದೇನೆ," ಎಂದಳು. ಮಾರನೆಯ ವಾರ ಅಪ್ಪನನ್ನು ಕರೆದೊಯ್ದಳು.

ಮುಂದಿನ ವರ್ಷ ತರಬೇತಿಗೆಂದು ಮೆಲ್ಬರ್ನ್‌ಗೆ ಹೋದವಳು ಅವರ ಮನೆಗೂ ಹೋದೆ. ಹೆಲೆನ್ ಗೇಟಿನಲ್ಲೇ ಸಿಕ್ಕಳು. ಬೀಗದ ಕೈ ಅವಳ ಬಳಿಯೇ ಇತ್ತು. ಆದರೂ ಬಾಗಿಲ ಬಳಿ ಹೋಗಿ ಬೆಲ್ ಒತ್ತಿ ನಿಂತಳು. ಒಳಗಿನಿಂದ ಹೆಜ್ಜೆ ಎಳೆಯುವ ಸದ್ದು ಕೇಳಿ ನಾನು ಚಡಪಡಿಸಿದೆ. "ಇರಿ, ಅಪ್ಪನೇ ತೆಗೆಯುತ್ತಾರೆ," ಎಂದಳು. ಅವರು ಬಾಗಿಲು ತೆರೆಯುವಷ್ಟರಲ್ಲಿ ಐದಾರು ನಿಮಿಷವಾದರೂ ಆಗಿರಬೇಕು. ರೋಗಿಯ ಹೆಸರಿನ ಅರ್ಥವನ್ನು ನಾನೇ ಊಹಿಸದೆ ಅವರ ಬಾಯಿಂದಲೇ ಕೇಳಿ ತಿಳಿಯಬೇಕೆಂದು ವಾರ್ಡಿನಲ್ಲಿ ಕಲಿತಿದ್ದೆ. ಅವರು ಬರುವವರೆಗೆ ಕಾಯುವುದೂ ನನ್ನ ಕೆಲಸವೇ ಎಂಬುದನ್ನು ಆ ಬಾಗಿಲ ಮುಂದೆ ಕಲಿತೆ.