ಅಣ್ಣ ಕಟ್ಟಿದ ಮಿಡತೆ

ಅಣ್ಣ, ನಿನ್ನ ಎಡಗಣ್ಣು ಕಳೆದದ್ದು ನನ್ನ ಗಾಳ. ನಿನ್ನದಲ್ಲ. ಹನ್ನೆರಡು ವರ್ಷ ಈ ಮಾತು ನನ್ನ ಬಾಯಿಂದ ಹೊರಡಲಿಲ್ಲ — ಈಗ ಹೇಳುತ್ತಿದ್ದೇನೆ, ಕೇಳುವುದಕ್ಕೆ ನೀನಿಲ್ಲ.

ಹಿಮಾಚಲದ ಹೊಳೆಯೊಂದರ ಪಕ್ಕದ ವಸತಿಗೃಹದಲ್ಲಿ ಅಡುಗೆಗಿದ್ದಾಗ ನೀನು ಮೀನನ್ನು ಮರುಳುಮಾಡುವ ನಕಲಿ ಹುಳು ಕಟ್ಟುವುದನ್ನು ಕಲಿತೆ. ಬೇಸಿಗೆಯ ಗಾಳಿಗೆ ಹುಲ್ಲಿನಿಂದ ನೀರಿಗೆ ಬೀಳುವ ಮಿಡತೆ, ಇರುವೆಗಳಿಗಾಗಿ ಅಲ್ಲಿಯ ಟ್ರೌಟ್ ಮೀನು ಕಾದಿರುತ್ತದಂತೆ. ಹಿರಿಯೂರಿಗೆ ಮರಳಿದ ಮೇಲೂ ಕೊಕ್ಕೆಯ ಮೇಲೆ ಹುಂಜದ ಗರಿ, ಆಡಿನ ಕೂದಲು ಇಟ್ಟು ನೂಲು ಸುತ್ತಿ, ಅಂಥ ಹುಳುಗಳನ್ನು ಕಟ್ಟಿ ಅಲ್ಲಿಗೆ ಕಳಿಸುತ್ತಿದ್ದೆ. ನೀನು ಕಟ್ಟಿದ ಮಿಡತೆಯನ್ನು ಒಮ್ಮೆ ನಮ್ಮ ಕೋಳಿಯೇ ಕುಕ್ಕಲು ಬಂದಿತ್ತು. ಕಣ್ಣು ಹೋದ ಆ ವರ್ಷ, ಬೇಸಿಗೆ ಪೂರ್ತಿ ಇಲ್ಲೇ ಬಂದಿರು, ಬೇರೆಯವರಿಗೂ ಕಲಿಸು ಎಂದು ಅಲ್ಲಿಂದ ಕರೆ ಬಂದಿತ್ತು. ಹೊರಡುವ ಮೊದಲು ವೇದಾವತಿಯ ದಡದಲ್ಲಿ ನಾವಿಬ್ಬರೂ ಹೊಸ ಮಿಡತೆಗಳನ್ನು ತೇಲಿಸಿ ನೋಡುತ್ತಿದ್ದೆವು.

"ಲೇ ತಿಪ್ಪೇಶ, ಗಾಳಿ ಜೋರೈತೆ. ನಾನು ಆ ಕಡೆ ಹೋಗಾತನಕ ಬೀಸಬ್ಯಾಡ" ಎಂದೆ ನೀನು.

ನಾನು ಬೀಸಿದೆ. ನಿನಗಿಂತ ದೂರ ಎಸೆಯಬೇಕಿತ್ತು ನನಗೆ — ಅಷ್ಟೇ, ಬೇರೆ ಕಾರಣವಿಲ್ಲ.

ನೀನು ಮುಖ ಮುಚ್ಚಿಕೊಂಡು ಕುಸಿದೆ. ನಿನ್ನ ಕಣ್ಣಿಗೆ ನಾಟಿದ ಕೊಕ್ಕೆಯ ಬಳಿ ನಾನು ನನ್ನ ದಾರ ಕತ್ತರಿಸಿದೆ. ಆಮೇಲೆ ನಿನ್ನ ದಾರವನ್ನೂ ಕತ್ತರಿಸಿ, ಅದರ ತುದಿಯ ಮಿಡತೆಯನ್ನು ನೀರಿಗೆ ಬಿಟ್ಟೆ. ಆ ಗಳಿಗೆಯಲ್ಲೂ ನನಗೆ ಅಷ್ಟು ಬುದ್ಧಿ ಓಡಿತು.

"ಏನಾತೋ?" ಎಂದು ನೀನು ನರಳಿದೆ.

"ನಿಂದೇ ಗಾಳ, ಗಾಳಿಗೆ ತಿರುಗಿ ಬಂತಣ್ಣ."

ಆಸ್ಪತ್ರೆಯಲ್ಲೂ ಅದನ್ನೇ ಹೇಳಿದೆ. ನೀನು ನಂಬಿದೆ.

ನಿನ್ನ ಉಳಿದ ಒಂದು ಕಣ್ಣಿಗೆ ಕೊಕ್ಕೆ ಎಷ್ಟು ದೂರವಿದೆಯೆಂದು ತಿಳಿಯುತ್ತಿರಲಿಲ್ಲ. ನೂಲು ಪಕ್ಕಕ್ಕೆ ಜಾರುತ್ತಿತ್ತು. ನೀನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ — ಕೊನೆಗೊಂದು ದಿನ ಗರಿಗಳನ್ನೆಲ್ಲ ಒಲೆಗೆ ಹಾಕಿದೆ. ಹಿಮಾಚಲದ ಮಾತು ಅಲ್ಲಿಗೆ ಮುಗಿಯಿತು. "ಮೀನಿನ ಹುಚ್ಚಿಗೆ ಕೈಯಾರೆ ಕಣ್ಣು ಕಳ್ಕಂಡ್ರಿ" ಎಂದು ಅತ್ತಿಗೆ ಅಂದಾಗಲೆಲ್ಲ ನೀನು ತಲೆ ತಗ್ಗಿಸುತ್ತಿದ್ದೆ. ನಾನು ಅದೇ ಕೋಣೆಯಲ್ಲಿರುತ್ತಿದ್ದೆ. ಒಂದು ಸಲವಾದರೂ ಬಾಯಿ ತೆರೆದಿದ್ದರೆ —

ನೀನು ತೀರಿಕೊಂಡ ಹದಿನೈದನೆಯ ದಿನ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಬೈಯಲಿ, ಮನೆಯಿಂದ ಆಚೆ ಹಾಕಲಿ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

"ಎಷ್ಟು ಬೈದೆನಪ್ಪ ಅವರನ್ನ... ಸಾಯಾ ಹಿಂದಿನ ದಿನಾನೂ ಬೈದೆ" ಎಂದರು. ಹಾಗೇ ಗೋಡೆಗೆ ಒರಗಿ ಕುಳಿತರು.

ಮೂರು ದಿನವಾಯಿತು, ಅತ್ತಿಗೆ ಯಾರೊಂದಿಗೂ ಮಾತಾಡಿಲ್ಲ. ನಾನು ಹಗುರಾಗಬೇಕೆಂದು ಹೇಳಿದ್ದೆ ಅಣ್ಣ — ಅದೂ ನನಗಾಗಿಯೇ.