ವೈನಿ ಓದಿದ ವಿದೇಶಿ ಲೇಖನಗಳು

ಮೊನ್ನೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಜೆರಾಕ್ಸ್ ಅಂಗಡಿಯಲ್ಲಿ ವೈನಿಯ ಆಸ್ಪತ್ರೆಯ ಕಾಗದಗಳಿಗೆ ಪ್ರತಿ ಮಾಡಿಸುತ್ತಿದ್ದೆ. ಯಂತ್ರದಿಂದ ಹೊರಬಂದ ಬಿಸಿ ಹಾಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕ ನೆನಪಿಗೆ ಬಂತು. ಧಾರವಾಡದ ಕಡೆ ಅತ್ತಿಗೆಯನ್ನು ನಾವು ವೈನಿ ಎನ್ನುತ್ತೇವೆ. ಆ ವಾಸನೆಯನ್ನು ನಮ್ಮ ಮನೆಗೆ ಮೊದಲು ತಂದವರು ಅವರೇ.

ಅಣ್ಣ ಬ್ಯಾಂಕಿನಲ್ಲಿ ಆಫೀಸರ್. ವರ್ಗವಾಗಿ ಬಂದು ಇದೇ ಕಾಲೋನಿಯಲ್ಲಿ ಮನೆ ಹಿಡಿದಿದ್ದ. ಕಾರ್ಖಾನೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾನು ಅಲ್ಲೇ ಉಂಡು ಮಲಗುವ ಗಿರಾಕಿ. ಜೊತೆಗೆ ನಮ್ಮ ಅವ್ವ, ಅಣ್ಣನ ನಾಲ್ಕು ವರ್ಷದ ಮಗಳು ವೀಣಾ. ಅವ್ವನಿಗೆ ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ತರಕಾರಿಯವಳ ಜೊತೆಗೂ ಕನ್ನಡದಲ್ಲೇ ಚೌಕಾಶಿ ಮಾಡಿ ಗೆದ್ದು ಬರುತ್ತಿದ್ದಳು ಅನ್ನಿ.

ಎಲ್‌ಕೆಜಿಗೆ ಸೇರಿದ ವೀಣಾ ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. ಹೆಡ್ ಮೇಡಂ ಅಣ್ಣನನ್ನು ಕರೆಸಿ, ಮೂರು ಭಾಷೆ ಸೇರಿ ಮಗುವಿಗೆ ಗೊಂದಲವಾಗಿದೆ, ಇನ್ನು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಇಲ್ಲದಿದ್ದರೆ ಯುಕೆಜಿಗೆ ಕಳಿಸುವುದಿಲ್ಲ ಎಂದರು. ಅಂದಿನಿಂದ ನಮ್ಮ ಊಟದ ಹೊತ್ತನ್ನು ನೀವು ನೋಡಬೇಕಿತ್ತು. 'ವೀಣಾ, ಈಟ್ ದಿ ಹುಳಿ' ಎಂದು ಅಣ್ಣ; 'ವೆರಿ ಗುಡ್ ಹುಳಿ' ಎಂದು ನಾನು. ನಗುತ್ತಿದ್ದವನೂ ನಾನೊಬ್ಬನೇ. ಅವ್ವ ಮೊಮ್ಮಗಳ ಹತ್ತಿರ ಮಾತೇ ನಿಲ್ಲಿಸಿದಳು. ತಾನು ಬಾಯಿ ಬಿಟ್ಟರೆ ಕೂಸು ಕೆಡುತ್ತದೆ ಎಂದು ಅವಳ ಅಂಜಿಕೆ. ಜಡೆ ಹಾಕುವಾಗ ಕೂಡ ಗದ್ದ ಹಿಡಿದು ತಿರುಗಿಸುತ್ತಿದ್ದಳೇ ಹೊರತು 'ಈ ಕಡೆ ತಿರುಗು' ಎನ್ನುತ್ತಿರಲಿಲ್ಲ.

ವೈನಿ ಕಾಲೇಜಿನಲ್ಲಿ ಮಕ್ಕಳ ಬೆಳವಣಿಗೆಯ ವಿಷಯ ಓದಿದವರು. ಯಾರನ್ನೋ ಹಿಡಿದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗತೊಡಗಿದರು. ವಿದೇಶಿ ಪತ್ರಿಕೆಗಳ ಸಂಶೋಧನಾ ಲೇಖನಗಳನ್ನು ಜೆರಾಕ್ಸ್ ಮಾಡಿಸಿ ತಂದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು, ಅನ್ನ ಬೇಯುವಷ್ಟು ಹೊತ್ತು ಓದುತ್ತಿದ್ದರು. ಒಂದು ಭಾನುವಾರ ಅಣ್ಣನ ಎದುರು ಕೂತು ಹೇಳಿದರು: ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲಕಾಲ ಸುಮ್ಮನಿದ್ದರೂ ಕೇಳಿಸಿಕೊಳ್ಳುತ್ತಲೇ ಇರುತ್ತದೆ, ಮನೆಮಾತು ಗಟ್ಟಿಯಿದ್ದರೆ ಮುಂದೆ ಕಲಿಯುವುದಕ್ಕೂ ಅನುಕೂಲ. ವಲಸೆ ಹೋದ ಮನೆಗಳ ಮಕ್ಕಳನ್ನು ನೋಡಿ ಬರೆದದ್ದಂತೆ.

'ನಾವೇನ್ ವಲಸಿ ಬಂದೀವೇನ?' ಅಣ್ಣ ರೇಗಿದ. 'ಟ್ರಾನ್ಸ್‌ಫರ್ ಮ್ಯಾಲೆ ಬಂದೀವಿ. ಮೂರ್ ವರ್ಷಕ್ಕ ಹೊಳ್ಳಿ ಹೋಗೋರು.'

'ಅಲ್ಲೀತನಾ ಅತ್ತಿಯವ್ರು ಬಾಯಿ ಮುಚ್ಕೊಂಡ್ ಕೂಡಬೇಕೇನ್ರಿ?' ಎಂದರು ವೈನಿ.

'ಮೂರ್ ವರ್ಷದ ಮಾತಷ್ಟ,' ಎನ್ನುತ್ತ ಅಣ್ಣ ಎದ್ದು ಹೋದ. ವರ್ಗದ ನೌಕರಿಯವರೆಲ್ಲ ಹಾಗೆಯೇ. ಇಷ್ಟರಲ್ಲೇ ಹೋಗುವವರಲ್ಲವೇ ಎಂದು ಗೋಡೆಗೆ ಮೊಳೆ ಹೊಡೆಯಲೂ ಹಿಂದೆಮುಂದೆ ನೋಡುತ್ತೇವೆ. ಅಷ್ಟರಲ್ಲಿ ಮಕ್ಕಳು ಆ ಊರಿನವರೇ ಆಗಿರುತ್ತಾರೆ.

ಮರುದಿನ ವೈನಿ ಆ ಹಾಳೆಗಳನ್ನು ಹಿಡಿದು ಶಾಲೆಗೆ ಹೋದರು. ಮೇಡಂ ಓದಲಿಲ್ಲ. ವರ್ಷದ ಕೊನೆಗೆ ವೀಣಾಳನ್ನು ಎಲ್‌ಕೆಜಿಯಲ್ಲೇ ಉಳಿಸಿದರು. ನಿನ್ನ ಓದಿನಿಂದಲೇ ಕೂಸಿನ ಒಂದು ವರ್ಷ ಹಾಳಾಯಿತು ಎಂದು ಅಣ್ಣ ಎಷ್ಟೋ ದಿನ ವೈನಿಯ ಮೇಲೆ ರೇಗಾಡಿದ. ಆದರೆ ವೈನಿ ಅವ್ವನಿಗೆ ಧೈರ್ಯ ಹೇಳಿದ್ದರಿಂದ ಮನೆಯಲ್ಲಿ ಅಜ್ಜಿ ಮೊಮ್ಮಗಳ ಹರಟೆ ಮತ್ತೆ ಶುರುವಾಗಿತ್ತು. ಅವ್ವ ಸಾಯುವತನಕ ಅದು ನಿಲ್ಲಲಿಲ್ಲ. ತೆಲುಗು, ಇಂಗ್ಲಿಷ್ ಎರಡೂ ವೀಣಾಳಿಗೆ ನಿಧಾನವಾಗಿ ಬಂದವು.

ಮುಂದೆ ಅಣ್ಣನಿಗೆ ವಿಜಯವಾಡಕ್ಕೆ ವರ್ಗವಾಯಿತು, ತೊಂಬತ್ತರ ದಶಕದಲ್ಲಿ ಮತ್ತೆ ವಿಶಾಖಪಟ್ಟಣಕ್ಕೆ. ಧಾರವಾಡಕ್ಕೆ ಹೊಳ್ಳಿ ಹೋಗುವುದು ಆಗಲೇ ಇಲ್ಲ. ಅಣ್ಣ ಈಗಿಲ್ಲ. ವೈನಿಗೆ ಮರೆವಿನ ಕಾಯಿಲೆ. ಮೊದಲು ಇಂಗ್ಲಿಷ್ ಹೋಯಿತು, ಆಮೇಲೆ ಇಷ್ಟು ವರ್ಷ ಆಡಿದ ತೆಲುಗೂ ಹೋಯಿತು. ನರ್ಸ್ ಏನು ಕೇಳಿದರೂ ಪಿಳಿಪಿಳಿ ಕಣ್ಣು ಬಿಡುತ್ತಾರೆ.

ಅಂಗಡಿಯಿಂದ ಮನೆಗೆ ಬಂದಾಗ ವೀಣಾ ತಾಯಿಗೆ ಊಟ ಮಾಡಿಸುತ್ತಿದ್ದಳು. ಅವಳಿಗೀಗ ತೆಲುಗೇ ಸಲೀಸು. ಕನ್ನಡ ತಡವರಿಸಿಕೊಂಡು ಬರುತ್ತದೆ.

'ಯಾರವ್ವಾ ನೀ?' ವೈನಿ ಕೇಳಿದರು.

'ನಾನು ವೀಣಾ, ಅಮ್ಮಾ, ನಿನ್ನ ಮಗಳು. ಇನ್ನೊಂದ್ ತುತ್ತು ತಿನ್ನು.'

'ನಮ್ಮ ಮಾತು ಆಡ್ತಿ,' ಎಂದು ವೈನಿ ಅವಳ ಮುಖವನ್ನೇ ನೋಡಿದರು.

'ಹಂಗಾರ ನಮ್ಮಾಕಿನ ಇರಬೇಕು,' ಎನ್ನುತ್ತ ಬಾಯಿ ತೆರೆದರು.